ರುದ್ರಭೂಮಿಯಲ್ಲಿ ಕಥಾಕಾಲಕ್ಷೇಪ

ದೀಪ ಹಚ್ಚುವ ಹೊತ್ತಿನಲ್ಲಿ ಕೋಟು ತೊಟ್ಟು, ಮಫ್ಲರು ಸುತ್ತಿಕೊಂಡು ಹೊರಟವನೊಬ್ಬನನ್ನು ನೀವು ಬೀದಿಯಲ್ಲಿ ಕಾಣುತ್ತೀರಿ ಎನ್ನಿ. ‘ಎಲ್ಲಿಗೆ?’ ಎಂದು ನೇರವಾಗಿ ಕೇಳಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಆದ್ದರಿಂದ ‘ದೂರ ಹೊರಟಿರೋ?’ ಎನ್ನುತ್ತೀರಿ. ಅವನು, ‘ದೂರವೇನಿಲ್ಲ, ಇಲ್ಲೇ ರುದ್ರಭೂಮಿಗೆ, ನಾಲ್ಕು ಕಥೆ ಕೇಳಿ ಬರೋಣವೆಂದು’ ಎಂದರೆ ನಿಮ್ಮ ಮುಖ ಹೇಗಾದೀತು? ನನ್ನ ಅಣ್ಣನ ಮಗ ಇದೇ ಮಾತನ್ನು ಹೇಳಿದಾಗ ನನ್ನ ಮುಖವೂ ಹಾಗೆಯೇ ಆಗಿತ್ತು.

ಇದು ನಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಹುಡುಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ದಸರೆಯ ರಜೆಗೆ ಬನ್ನಿ, ಬನ್ನಿ ಎಂದು ಎರಡು ವರ್ಷ ಕರೆದು, ಮೂರನೆಯ ವರ್ಷ ವಿಮಾನದ ಟಿಕೆಟ್ಟನ್ನೇ ಕಳುಹಿಸಿದ. ಹೋದೆ. ಹೋಗಿ ಒಂದು ವಾರವಾಗುವಷ್ಟರಲ್ಲಿ, ‘ಚಿಕ್ಕಪ್ಪ, ಶನಿವಾರ ಸಂಜೆ ಆರ್ನೋಸ್ ವೇಲ್ ಎಂಬಲ್ಲಿ ಕಥೆ ಹೇಳುತ್ತಾರೆ, ಹಳೆಯ ಕಾಲದ ಸಮಾಧಿಭೂಮಿ’ ಎಂದ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದ ಯೋಚನೆ ಭಯದ್ದಲ್ಲ, ಭಕ್ತಿಯದೂ ಅಲ್ಲ. ಹಿಂದಿರುಗಿದ ಮೇಲೆ ಈ ಚಳಿಯಲ್ಲಿ ತಲೆಗೆ ನೀರು ಹಾಕಿಕೊಳ್ಳಬೇಕಲ್ಲಾ ಎಂಬುದು.

ಮೂವತ್ತು ವರ್ಷ ವ್ಯಾಕರಣ ಹೇಳಿದವನ ಚಾಳಿ ಎಲ್ಲಿ ಹೋದೀತು? ದಾರಿಯುದ್ದಕ್ಕೂ ಶಬ್ದಗಳನ್ನೇ ಮೆಲುಕು ಹಾಕುತ್ತಿದ್ದೆ. ‘ಶ್ಮಶಾನ’ ಸಂಸ್ಕೃತ, ಅದರ ತದ್ಭವ ‘ಮಸಣ’. ‘ಸುಡುಗಾಡು’ ಅಚ್ಚಗನ್ನಡ; ಸುಡುವ ಕಾಡು, ಕಕಾರಕ್ಕೆ ಗಕಾರ ಆದೇಶ. ಇಂಗ್ಲಿಷರ ‘ಸೆಮಿಟರಿ’ ಗ್ರೀಕ್ ಮೂಲದ್ದು. ಮಲಗುವ ಜಾಗವೆಂದು ಅದರ ಅರ್ಥ. ನಮ್ಮ ಶಬ್ದದಲ್ಲಿ ಬೆಂಕಿಯಿದೆ, ಅವರ ಶಬ್ದದಲ್ಲಿ ನಿದ್ದೆಯಿದೆ. ಮಲಗಿದವರ ಪಕ್ಕದಲ್ಲಿ ಕುಳಿತು ಕಥೆ ಹೇಳುವುದು ಅಷ್ಟೇನೂ ವಿಪರೀತವಲ್ಲವಷ್ಟೆ. ಮತ್ತೆ ನಾವು ತಾನೆ ಏನು? ಬೇತಾಳನು ವಿಕ್ರಮನಿಗೆ ಕಥೆ ಹೇಳಿದ್ದು ಅರಮನೆಯ ಜಗಲಿಯಲ್ಲಿ ಕುಳಿತಲ್ಲ.

ಈ ಸಮಾಧಿಭೂಮಿ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಪಟ್ಟಣಗಳು ಕಾರ್ಖಾನೆಗಳಿಂದ ಊದಿಕೊಂಡವು. ಸತ್ತವರನ್ನು ಹೂಳಲು ಇದ್ದದ್ದು ಮಾತ್ರ ಇಗರ್ಜಿಯ ಹಿತ್ತಲಿನ ಅಂಗೈಯಗಲ ನೆಲ. ಒಬ್ಬರ ಮೇಲೊಬ್ಬರನ್ನು ಹೂತು ಹೂತು ಮಣ್ಣು ಕಿಟಕಿಯೆತ್ತರಕ್ಕೆ ಬಂದ ಕಡೆಗಳೂ ಉಂಟು. ೧೮೩೧ರಲ್ಲಿ ಕಾಲರಾ ಬೇರೆ ಬಂದಿತು. ಫ್ರಾನ್ಸಿನವರು ೧೮೦೪ರಲ್ಲಿಯೇ ಪ್ಯಾರಿಸ್ಸಿನ ಅಂಚಿನಲ್ಲಿ ಪೇರ್ ಲಾಶೇಸ್ ಎಂಬ ಉದ್ಯಾನದಂಥ ಸಮಾಧಿಭೂಮಿಯನ್ನು ಮಾಡಿದ್ದರು. ಅದನ್ನು ನೋಡಿ ಲಂಡನ್ನಿನವರು ೧೮೩೩ರಲ್ಲಿ ಕೆನ್ಸಲ್ ಗ್ರೀನನ್ನು ತೆರೆದರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ೧೮೩೭ರಲ್ಲಿ ಬ್ರಿಸ್ಟಲ್ಲಿನವರು ಪಾರ್ಲಿಮೆಂಟಿನಿಂದ ಕಾಯಿದೆ ಮಾಡಿಸಿಕೊಂಡು, ಷೇರು ಕೂಡಿಸಿ, ಕಂಪೆನಿ ಕಟ್ಟಿದರು. ೧೮೩೯ರಲ್ಲಿ ಆರ್ನೋಸ್ ವೇಲಿನ ಬಾಗಿಲು ತೆರೆಯಿತು. ಹೌದು, ಕಂಪೆನಿ. ಗೋರಿಯ ನೆಲವನ್ನು ಮಾರುವುದು, ಲಾಭಾಂಶ ಹಂಚುವುದು. ಹರಿಶ್ಚಂದ್ರನ ಒಡೆಯ ವೀರಬಾಹುವಿಗೆ ಈ ಉಪಾಯ ಹೊಳೆಯಲಿಲ್ಲ. ಅವನು ಕೇವಲ ಸುಂಕ ಎತ್ತಿಕೊಂಡಿದ್ದ.

ಬಾಗಿಲಿನ ಎರಡು ಕಡೆ ಗ್ರೀಕರ ದೇವಾಲಯದಂತೆ ದಪ್ಪ ಕಂಬಗಳ ಕಾವಲುಮನೆಗಳು. ಒಳಗೆ ಎರಡು ಪ್ರಾರ್ಥನಾಮಂದಿರಗಳು. ಒಂದು ರಾಜಧರ್ಮದ ಇಗರ್ಜಿಯವರಿಗೆ, ಇನ್ನೊಂದು ಅದರಿಂದ ಬೇರೆಯಾದ ಪಂಥಗಳವರಿಗೆ. ಚಾರ್ಲ್ಸ್ ಅಂಡರ್‌ವುಡ್ ಎಂಬ ಶಿಲ್ಪಿಯ ಕೆಲಸ. ಅವುಗಳ ಹಿಂದೆ ಗುಡ್ಡದ ಇಳಿಜಾರು. ಸುಮಾರು ೪೫ ಎಕರೆ ಕಾಡು. ನಮ್ಮ ‘ಸುಡುಗಾಡು’ ಶಬ್ದದ ಉತ್ತರಾರ್ಧ ಅಲ್ಲಿ ಸಂಪೂರ್ಣವಾಗಿ ಸಾರ್ಥಕವಾಗಿದೆ. ಪೂರ್ವಾರ್ಧವೂ ಕೆಲಕಾಲ ಸಾರ್ಥಕವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯೇ ಒಂದು ದಹನಶಾಲೆ ಆಯಿತು, ಇಂದು ಅದು ಉರಿಯುವುದಿಲ್ಲ.

ನಾವು ಹೋದದ್ದು ಅಕ್ಟೋಬರ್ ನಡುಭಾಗ. ಆರೂವರೆಗೆಲ್ಲ ಕತ್ತಲು. ಹಾದಿಯ ಅಂಚಿನಲ್ಲಿ ಗಾಜಿನ ಬುಡ್ಡಿಗಳೊಳಗೆ ಮೇಣದಬತ್ತಿ ಹಚ್ಚಿಟ್ಟಿದ್ದರು. ಸುಮಾರು ಮೂವತ್ತು ಜನ ಸೇರಿದ್ದೆವು. ಕೆಲವರು ಕಂಬಳಿ ತಂದಿದ್ದರು, ಹೆಚ್ಚಿನವರು ಫ್ಲಾಸ್ಕಿನಲ್ಲಿ ಚಹಾ. ಮಕ್ಕಳೂ ಇದ್ದರು, ಯಾರೂ ಅವರನ್ನು ‘ಸುಮ್ಮನಿರಿ’ ಎಂದು ಗದರಲಿಲ್ಲ, ಆದರೂ ಸುಮ್ಮನಿದ್ದರು. ಕಥೆ ಹೇಳುವವಳು ಅರುವತ್ತರ ಆಸುಪಾಸಿನ ಹೆಂಗಸು. ನಮ್ಮ ಹರಿಕಥೆಯ ದಾಸರಂತೆ ಗೆಜ್ಜೆಯಿಲ್ಲ, ಚಿಟಿಕೆಯಿಲ್ಲ, ಹಾರ್ಮೋನಿಯಮ್ಮಿಲ್ಲ. ಕೈಯಲ್ಲಿ ಒಂದು ಲಾಂದ್ರ. ಒಂದು ಸಮಾಧಿಯ ಮುಂದೆ ನಿಲ್ಲುವಳು. ಲಾಂದ್ರವನ್ನು ಕಲ್ಲಿನ ಹತ್ತಿರ ಹಿಡಿದು ಮಲಗಿದವರ ಹೆಸರು ಹೇಳುವಳು. ಆ ಹೆಸರನ್ನು ನಾವೆಲ್ಲರೂ ಒಮ್ಮೆ ಹೇಳಬೇಕು. ಆಮೇಲೆ ಕಥೆ. ಹೆಸರು ಹೇಳದೆ ಕಥೆಯನ್ನು ತೊಡಗುವುದಿಲ್ಲ, ಇದು ಅವಳ ಕ್ರಮ. ನಮ್ಮಲ್ಲಿ ಸಂಕಲ್ಪಕ್ಕೆ ಮುಂಚೆ ಗೋತ್ರನಾಮಗಳನ್ನು ಹೇಳುವಂತೆ ಎಂದುಕೊಂಡೆ.

ಮೊದಲು ಜಾರ್ಜ್ ಮುಲ್ಲರ್ ಎಂಬ ಮಹಾನುಭಾವನ ಗೋರಿ. ಪ್ರಷ್ಯದಲ್ಲಿ ಹುಟ್ಟಿ ಬ್ರಿಸ್ಟಲ್ಲಿಗೆ ಬಂದು, ಆಶ್ಲಿ ಡೌನ್ ಎಂಬ ದಿಬ್ಬದ ಮೇಲೆ ಐದು ದೊಡ್ಡ ಅನಾಥಾಲಯಗಳನ್ನು ಕಟ್ಟಿ, ೧೮೯೮ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಕಿದವನು. ಯಾರಲ್ಲಿಯೂ ಹಣ ಬೇಡಲಿಲ್ಲವಂತೆ. ದೇವರಿಗೆ ಹೇಳಿ ಸುಮ್ಮನಾಗುತ್ತಿದ್ದನಂತೆ. ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಏನೂ ಇಲ್ಲ. ಮಕ್ಕಳನ್ನು ಬರಿಯ ತಟ್ಟೆಗಳ ಮುಂದೆ ಕೂಡಿಸಿ, ಊಟಕ್ಕಾಗಿ ದೇವರಿಗೆ ವಂದನೆ ಹೇಳಿಸಿದ. ಅಷ್ಟರಲ್ಲಿ ರೊಟ್ಟಿಯವನು ಬಾಗಿಲು ತಟ್ಟಿದ. ಹಾಲಿನವನ ಗಾಡಿ ಅದೇ ಬಾಗಿಲ ಮುಂದೆ ಮುರಿದು ನಿಂತಿತು. ಆ ಊರಿನಲ್ಲಿ ಎಲ್ಲರೂ ಬಲ್ಲ ಕಥೆ. ಪಕ್ಕದಲ್ಲಿದ್ದ ಒಬ್ಬ ಹುಡುಗಿ ರೊಟ್ಟಿಯವನು ಬರುವುದಕ್ಕೆ ಮುಂಚೆಯೇ ‘ಟಕ್ ಟಕ್’ ಎಂದುಬಿಟ್ಟಳು.

ಮೇರಿ ಕಾರ್ಪೆಂಟರಳ ಸಮಾಧಿಯೂ ಅಲ್ಲಿಯೇ ಇದೆ. ಬಡಮಕ್ಕಳಿಗೆ ಶಾಲೆ, ತಪ್ಪುಹಾದಿ ಹಿಡಿದ ಹೆಣ್ಣುಮಕ್ಕಳಿಗೆ ೧೮೫೪ರಲ್ಲಿ ರೆಡ್ ಲಾಡ್ಜ್ ಎಂಬ ಆಶ್ರಮ, ಇವುಗಳನ್ನು ನಡೆಸಿದ ಸಾಧ್ವಿ. ೧೮೬೬ರಿಂದ ಮುಂದಕ್ಕೆ ನಾಲ್ಕು ಬಾರಿ ಭಾರತಕ್ಕೆ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಓಡಾಡಿದಳು, ೧೮೭೭ರಲ್ಲಿ ತೀರಿಕೊಂಡಳು. ಇವಳಿಗೆ ಭಾರತದ ಹಂಬಲ ಹತ್ತಿದ್ದು ಹೇಗೆಂದು ಕೇಳುವಿರಾದರೆ, ಇನ್ನೊಂದು ಸಮಾಧಿಯ ಬಳಿಗೆ ನಡೆಯಬೇಕು.

ತಿರುವಿನಲ್ಲಿ ಲಾಂದ್ರದ ಬೆಳಕು ಬಿದ್ದಾಗ ನಾನು ನಿಂತುಬಿಟ್ಟೆ. ದೇವದೂತರ ಬಿಳಿಯ ಪ್ರತಿಮೆಗಳು, ಶಿಲುಬೆಗಳು, ಮುರಿದ ಕಂಬಗಳು, ಇವುಗಳ ನಡುವೆ ನಮ್ಮ ಕಡೆಯ ಒಂದು ಛತ್ರಿ! ಕಂಬಗಳು, ಮುಂಚಾಚಿದ ಲೋವೆ, ಮೇಲೆ ಗುಮ್ಮಟ. ಪರದೇಶದ ಸಂತೆಯಲ್ಲಿ ನಮ್ಮೂರಿನವರು ಯಾರೋ ಹೆಸರು ಹಿಡಿದು ಕರೆದಂತಾಯಿತು. ಕಥೆಗಾರ್ತಿ ಹೆಸರು ಹೇಳಿದಳು: ರಾಜಾ ರಾಮಮೋಹನ ರಾಯ್. ಮೂವತ್ತು ಜನ ಆಂಗ್ಲರು ತಮಗೆ ಬಂದಂತೆ ಆ ಹೆಸರನ್ನು ಹೇಳಿದರು. ನಾನೂ ಹೇಳಿದೆ.

ನಾನು ಕನ್ನಡದ ಮೇಷ್ಟರಾದರೂ ಸಮಾಜಪಾಠದ ಮೇಷ್ಟರು ರಜೆ ಹಾಕಿದಾಗಲೆಲ್ಲ ಈ ಪುಣ್ಯಾತ್ಮನ ಪಾಠ ಮಾಡಿದ್ದೇನೆ. ‘ಸತೀಪದ್ಧತಿಯ ವಿರುದ್ಧ ಹೋರಾಡಿದವರು ಯಾರು?’ ಒಂದು ಅಂಕದ ಪ್ರಶ್ನೆ. ಹುಡುಗರು ಹೆಸರು ಬರೆಯುತ್ತಾರೆ, ನಾನು ಅಂಕ ಹಾಕುತ್ತೇನೆ, ಅಲ್ಲಿಗೆ ಮುಗಿಯಿತು. ಆ ಹೆಂಗಸು ಹೇಳಿದಷ್ಟನ್ನು ನಾನು ಒಂದು ದಿನವೂ ಹೇಳಿದವನಲ್ಲ.

೧೮೨೯ರ ಡಿಸೆಂಬರಿನಲ್ಲಿ ಬೆಂಟಿಂಕನು ಬಂಗಾಳದಲ್ಲಿ ಸಹಗಮನವನ್ನು ನಿಷೇಧಿಸಿದ. ಅದನ್ನು ರದ್ದುಮಾಡಿಸಬೇಕೆಂದು ಸಂಪ್ರದಾಯಸ್ಥರು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಅಪೀಲು ಒಯ್ದರು. ರಾಮಮೋಹನರು ಮೊಗಲ್ ಬಾದಶಹನ ವಕೀಲರಾಗಿ, ಅವನಿಂದಲೇ ‘ರಾಜಾ’ ಬಿರುದು ಪಡೆದು, ೧೮೩೧ರ ಏಪ್ರಿಲ್ಲಿನಲ್ಲಿ ಇಂಗ್ಲೆಂಡಿಗೆ ಬಂದಿಳಿದರು. ೧೮೩೨ರಲ್ಲಿ ಅಪೀಲು ಬಿದ್ದುಹೋದಾಗ ಅವರು ಅಲ್ಲಿಯೇ ಇದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ, ಮೇರಿ ಕಾರ್ಪೆಂಟರಳ ತಂದೆ ಮೊದಲಾದ ಸ್ನೇಹಿತರಿದ್ದ ಬ್ರಿಸ್ಟಲ್ಲಿಗೆ ಬಂದು, ಊರಾಚೆಯ ಸ್ಟೇಪಲ್ಟನ್ನಿನಲ್ಲಿ ಒಂದು ಮನೆಯಲ್ಲಿ ಅತಿಥಿಯಾದರು. ಕೆಲವೇ ದಿನ. ಜ್ವರ ಬಂತು, ತಲೆಗೇರಿತು. ಒಳ್ಳೆಯ ವೈದ್ಯರು ಬಂದರು, ಏನೂ ನಡೆಯಲಿಲ್ಲ. ಸೆಪ್ಟೆಂಬರ್ ೨೭ರ ರಾತ್ರಿ ಹೋದರು. ಮೈಮೇಲೆ ಜನಿವಾರ ಹಾಗೆಯೇ ಇತ್ತು.

ಈಗ ಏನು ಮಾಡಬೇಕು? ದಹನ ಆ ದೇಶದಲ್ಲಿ ಆಗ ರೂಢಿಯಲ್ಲಿರಲಿಲ್ಲ. ಕ್ರೈಸ್ತರ ಹಿತ್ತಲಿನಲ್ಲಿ ಹೂಳಿದರೆ ಜಾತಿ ಕೆಟ್ಟಿತೆಂದು ಹೇಳಿ ಊರಿನಲ್ಲಿ ಮಕ್ಕಳ ಆಸ್ತಿಯ ಹಕ್ಕಿಗೇ ತಕರಾರು ಬರಬಹುದೆಂದು ಅವರು ಮೊದಲೇ ಹೇಳಿದ್ದರು. ಕೊನೆಗೆ ಅಕ್ಟೋಬರ್ ೧೮ರಂದು ಆ ಮನೆಯ ತೋಟದಲ್ಲಿಯೇ, ಎಲ್ಮ್ ಮರಗಳ ಕೆಳಗೆ ಇಳಿಸಿದರು. ಮಂತ್ರವಿಲ್ಲ, ಪ್ರಾರ್ಥನೆಯಿಲ್ಲ, ಭಾಷಣವಿಲ್ಲ. ಎಲ್ಲರೂ ಸುಮ್ಮನೆ ನಿಂತಿದ್ದರು. ಇಪ್ಪತ್ತಾರು ವರ್ಷದ ಮೇರಿಯ ಮೇಲೆ ಈ ಸಾವು ಮಾಡಿದ ಪರಿಣಾಮ ಜೀವಮಾನವೆಲ್ಲ ಉಳಿಯಿತು. ಆ ಕೊನೆಯ ದಿನಗಳನ್ನು ಕುರಿತು ಅವಳು ೧೮೬೬ರಲ್ಲಿ ಒಂದು ಪುಸ್ತಕವನ್ನೇ ಹೊರಡಿಸಿದಳು.

ಹತ್ತು ವರ್ಷ ಹಾಗೆಯೇ ಕಳೆಯಿತು. ರವೀಂದ್ರರ ತಾತ ದ್ವಾರಕಾನಾಥ ಠಾಕೂರರು ೧೮೪೨ರಲ್ಲಿ ಇಂಗ್ಲೆಂಡಿಗೆ ಬಂದಾಗ, ಗೆಳೆಯನಿಗೆ ತಕ್ಕ ಸ್ಥಳವಾಗಬೇಕೆಂದು ಏರ್ಪಾಡು ಮಾಡಿದರು. ೧೮೪೩ರಲ್ಲಿ ಆರ್ನೋಸ್ ವೇಲಿಗೆ ತಂದು ಮತ್ತೆ ಮಣ್ಣುಮಾಡಿ, ವಿಲಿಯಂ ಪ್ರಿನ್ಸೆಪ್ ಎಂಬಾತ ಬರೆದ ನಕ್ಷೆಯಂತೆ ಈ ಛತ್ರಿಯನ್ನು ಎಬ್ಬಿಸಿದರು. ಕಂಪೆನಿಯ ನೆಲ, ಒಂದೇ ಮತದವರದಲ್ಲ. ಮುಂಚೆ ನಕ್ಕಿದ್ದೆನಲ್ಲ ಆ ಕಂಪೆನಿಯನ್ನು, ಇಲ್ಲಿ ಅದೇ ಅನುಕೂಲವಾಯಿತು. ದ್ವಾರಕಾನಾಥರಾದರೂ ಊರಿಗೆ ಮರಳಿ ಉಳಿದರೆ? ಎರಡನೆಯ ಸಾರಿ ಬಂದವರು ೧೮೪೬ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡು ಕೆನ್ಸಲ್ ಗ್ರೀನಿನಲ್ಲಿ ಮಲಗಿದ್ದಾರೆ.

ಅಲ್ಲಿಂದ ಹಿಂದಿರುಗುತ್ತಾ ಅಣ್ಣನ ಮಗ ಇನ್ನೊಂದು ಸಂಗತಿ ಹೇಳಿದ. ಗೋರಿಯ ನೆಲ ಮಾರುವ ವ್ಯಾಪಾರಕ್ಕೆ ಒಂದು ಮೂಲದೋಷವಿದೆ: ನೆಲ ತುಂಬಿದ ಮೇಲೆ ವರಮಾನ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮುಳ್ಳುಬಳ್ಳಿ ಹಬ್ಬಿ, ಮಂದಿರಗಳ ಮಾಡು ಸೋರಿ, ೧೯೯೮ರಲ್ಲಿ ಬಾಗಿಲು ಹಾಕುವ ಹಂತಕ್ಕೆ ಬಂತು. ಸುತ್ತಿನ ಜನ ಬಿಡಲಿಲ್ಲ. ತಾವೇ ಬಂದು ಬಾಗಿಲು ತೆರೆದಿಟ್ಟರು, ಕತ್ತಿ ಹಿಡಿದು ಬಳ್ಳಿ ಸವರಿದರು. ೨೦೦೩ರಲ್ಲಿ ನಗರಸಭೆ ಕಾಯಿದೆಯ ಬಲದಿಂದ ಅದನ್ನು ಕೊಂಡಿತು. ದುರಸ್ತಿಯಾಗಿ ೨೦೧೦ರಲ್ಲಿ ಮತ್ತೆ ತೆರೆಯಿತು. ಈಗ ಇಂಥ ಸಂಜೆಗಳ ಟಿಕೆಟ್ಟಿನ ಹಣವೂ ಹುಲ್ಲು ಕೀಳುವುದಕ್ಕೆ ಒದಗುತ್ತದೆ. ಮಸಣದಲ್ಲಿ ದುಡ್ಡು ಕೊಟ್ಟು ಕಥೆ ಕೇಳುವುದೆ ಎಂದು ಮುಖ ಸಿಂಡರಿಸಿದ್ದವನು ನಾನು. ಆ ಮೇಲೆ ಸಿಂಡರಿಸಲಿಲ್ಲ.

ಕೊನೆಯಲ್ಲಿ ಮಂದಿರದ ಮೆಟ್ಟಿಲ ಮೇಲೆ ಎಲ್ಲರೂ ಕುಳಿತೆವು. ‘ನಿಮ್ಮಲ್ಲಿ ಯಾರಾದರೂ ಒಂದು ಕಥೆ ಹೇಳುವಿರಾ?’ ಎಂದು ಆಕೆ ಕೇಳಿದಳು. ಹುಡುಗ ನನ್ನ ಮೊಣಕೈ ತಿವಿದ. ನನ್ನ ಇಂಗ್ಲಿಷು ನನಗೆ ಗೊತ್ತಿದೆ, ಆದರೂ ಎದ್ದೆ. ಮಸಣದಲ್ಲಿ ಕನ್ನಡದವನು ಬೇರೆ ಯಾವ ಕಥೆ ಹೇಳಿಯಾನು? ಹರಿಶ್ಚಂದ್ರ. ರಾಘವಾಂಕನ ಷಟ್ಪದಿಯನ್ನು ಇಂಗ್ಲಿಷಿಗೆ ತರುವ ಹುಚ್ಚು ಸಾಹಸ ಮಾಡಲಿಲ್ಲ. ಮನೆಯಲ್ಲಿ ಚಿಕ್ಕಂದಿನಲ್ಲಿ ಕೇಳಿದ್ದನ್ನು ಕೇಳಿದಂತೆ ಹೇಳಿದೆ. ಸತ್ಯಕ್ಕಾಗಿ ರಾಜ್ಯ ಬಿಟ್ಟದ್ದು, ಹೆಂಡತಿಮಗನನ್ನು ಮಾರಿದ್ದು, ತಾನು ಸುಡುಗಾಡು ಕಾಯ್ದದ್ದು, ಹಾವು ಕಚ್ಚಿದ ಮಗನನ್ನು ತಾಯಿ ಅಪರಾತ್ರಿಯಲ್ಲಿ ಹೊತ್ತು ತಂದದ್ದು. ‘ಸುಂಕ ಕೊಡದೆ ಸುಡಬೇಡ’ ಎಂದು ಕಾವಲುಗಾರ ಅಡ್ಡ ನಿಂತದ್ದು. ಕೊಡಲು ಏನೂ ಇಲ್ಲವೆಂದಾಗ, ‘ಕೊರಳಲ್ಲಿ ತಾಳಿಯಿದೆಯಲ್ಲ’ ಎಂದನು. ಆ ತಾಳಿ ಗಂಡನ ಕಣ್ಣಿಗಲ್ಲದೆ ಬೇರೆಯವರಿಗೆ ಕಾಣದ್ದು. ಹಾಗೆ ಗುರುತು ಸಿಕ್ಕಿತು. ಗುರುತು ಸಿಕ್ಕಿದ ಮೇಲೂ ಸುಂಕ ಬಿಡಲಿಲ್ಲ.

ಯಾರೂ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಥೆಗಾರ್ತಿ ಮೆಲ್ಲಗೆ, ‘ಈ ಕಥೆಯನ್ನು ನಿಮಗೆ ಹೇಳಿದವರು ಯಾರು?’ ಎಂದಳು. ‘ನಮ್ಮ ತಾತನ ತಂಗಿ’ ಎಂದೆ. ಮತ್ತೆ ತಡೆದು ಹೇಳಿದೆ. ಹತ್ತು ವರ್ಷಕ್ಕೆ ಮದುವೆ, ಹನ್ನೆರಡಕ್ಕೆ ವೈಧವ್ಯ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಆಮೇಲಿನ ಅರುವತ್ತು ವರ್ಷ ನಮ್ಮ ಅಡಿಗೆಮನೆಯ ಒಲೆಯ ಮುಂದೆ. ನಾವು ಮಕ್ಕಳು ಅವಳ ಸುತ್ತ ಕುಳಿತು ಕಥೆ ಕೇಳುತ್ತಿದ್ದೆವು. ತಾಳಿಯ ಮಾತು ಬಂದಾಗ ಪ್ರತಿಸಲವೂ ನಿಲ್ಲಿಸಿ, ‘ತಾಳಿ, ದೀಪದ ಬತ್ತಿ ಮುಂದೆ ಮಾಡುತ್ತೇನೆ’ ಎಂದು ಏಳುವಳು. ‘ತಾಳಿ’ ಎಂಬ ಶಬ್ದಕ್ಕೆ ಎರಡು ಅರ್ಥವಿದೆಯೆಂದು ನಾನು ಕಲಿತದ್ದು ಅಲ್ಲಿಯೇ. ನಿಮಗೆ ಹೇಳುತ್ತಿದ್ದೇನೆ, ಅಲ್ಲಿ ಅವರಿಗೆ ಇದನ್ನು ಹೇಗೆ ಹೇಳಲಿ?

‘ಅವರ ಹೆಸರು?’ ಎಂದಳು ಆಕೆ, ಲಾಂದ್ರವನ್ನು ಸ್ವಲ್ಪ ಎತ್ತಿ ಹಿಡಿದು. ಮೂವತ್ತು ಜನ ಆ ಹೆಸರನ್ನು ಒಮ್ಮೆ ಹೇಳುವುದಕ್ಕೆ ಕಾಯುತ್ತಿದ್ದರು.

ನನಗೆ ಗೊತ್ತಿರಲಿಲ್ಲ.

ಶ್ರೋತೃಗಳೆ, ಕವಿಗಳ ಕಾಲ, ಮತ, ಆಶ್ರಯದಾತರು, ಅವರ ತಂದೆತಾಯಿಗಳ ಹೆಸರು, ಇವನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನನಗೆ ಕಥೆ ಹೇಳಿ, ಕೈತುತ್ತು ಹಾಕಿ ಬೆಳೆಸಿದವಳ ಹೆಸರು ಬಾಯಿಗೆ ಬರಲಿಲ್ಲ. ಮರೆತಿದ್ದರೆ ಬೇರೆ ಮಾತು. ನಾನು ಅದನ್ನು ಕೇಳಿಯೇ ಇರಲಿಲ್ಲ. ನಮಗೆ ಅವಳು ‘ಅತ್ತೆಜ್ಜಿ’. ‘ಅತ್ತೆಜ್ಜಿ’ ಎಂದೇ ಹೇಳಿದೆ. ಅವರೆಲ್ಲರೂ ಅದನ್ನೇ ಹೇಳಿದರು. ಒತ್ತಕ್ಷರ ಅವರ ಬಾಯಲ್ಲಿ ನಿಲ್ಲಲಿಲ್ಲ.

ಆ ರಾತ್ರಿ ಊರಿಗೆ ಫೋನು ಮಾಡಿ ಅಣ್ಣನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ‘ಇಷ್ಟು ಹೊತ್ತಿನಲ್ಲಿ ಯಾಕೆ ಬೇಕಿತ್ತು?’ ಎಂದ, ನಮ್ಮಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆಯೆಂಬುದು ನನಗೆ ಮರೆತಿತ್ತು. ಅತ್ತೆಜ್ಜಿಗೆ ಮಕ್ಕಳಿಲ್ಲವಾದ್ದರಿಂದ ವರ್ಷಾಬ್ದಿಕದಲ್ಲಿ ಹೆಸರು ಹೇಳುವವರಿಲ್ಲ. ಗೋಡೆಯ ಮೇಲಿನ ಪಟಗಳಲ್ಲಿ ಅವಳಿಲ್ಲ. ಮಡಿಹೆಂಗಸನ್ನು ಯಾರು ಪಟಕ್ಕೆ ಕೂಡಿಸುತ್ತಿದ್ದರು? ನಮ್ಮೂರ ಕೆರೆಯ ಏರಿಯ ಮೇಲೆ ಒಂದು ಮಾಸ್ತಿಕಲ್ಲಿದೆ. ಬಳೆ ತೊಟ್ಟ ತೋಳನ್ನು ಎತ್ತಿದ ಕೆತ್ತನೆ. ಗಂಡನೊಡನೆ ಬೆಂಕಿಗೆ ಬಿದ್ದವಳ ನೆನಪಿಗೆ. ಈಗಲೂ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಸುಟ್ಟುಕೊಂಡವಳಿಗೆ ಕಲ್ಲಾಯಿತು. ಬದುಕಿ ಅರುವತ್ತು ವರ್ಷ ಅನ್ನ ಬೇಯಿಸಿದವಳಿಗೆ ಕಲ್ಲಂತೂ ಇಲ್ಲ.

ರಜೆ ಮುಗಿಸಿ ಬಂದವನು ತುಮಕೂರಿನಲ್ಲಿರುವ ನಮ್ಮ ತಂದೆಯ ತಂಗಿಯನ್ನು ಹೋಗಿ ಕಂಡೆ. ಆಕೆಗೆ ಎಂಬತ್ತೈದು ದಾಟಿದೆ. ಕಿವಿ ಮಂದ, ನೆನಪು ಚುರುಕು. ‘ನಾವೂ ಅತ್ತೆ ಎಂದೇ ಕರೆಯುತ್ತಿದ್ದೆವಪ್ಪ. ಹೆಸರು ಹಿಡಿದು ಕರೆಯುವವರು ಯಾರಿದ್ದರು?’ ಎಂದಳು. ಕಾಫಿ ಕೊಟ್ಟಳು. ಹೊರಡುವಾಗ ಬಾಗಿಲವರೆಗೆ ಬಂದು, ‘ಅವಳ ಅಣ್ಣ, ಅದೇ ನಿಮ್ಮ ತಾತ, ಸಾಯುವ ಮುಂಚೆ ಒಂದು ಸಲ ಕೂಗಿದ್ದು ಕೇಳಿದ್ದೆ. ಸಕಾರದಿಂದ ಶುರುವಾಗುತ್ತಿತ್ತು’ ಎಂದಳು. ಸೀತೆಯೋ ಸುಬ್ಬಮ್ಮನೋ ಸಾವಿತ್ರಿಯೋ ಎಂದು ಒಂದೊಂದಾಗಿ ಕಿವಿಯ ಹತ್ತಿರ ಹೇಳಿದೆ. ಪ್ರತಿಯೊಂದಕ್ಕೂ ತಲೆಯಾಡಿಸಿದಳು.

ಊರಿನ ಮನೆಯ ಅಟ್ಟದ ಮೇಲೆ ಕಾಗದದ ಪೆಟ್ಟಿಗೆಗಳು ಎರಡಿವೆ. ಒಂದನ್ನು ಬಿಚ್ಚಿ ನೋಡಿದೆ. ಬರಿಯ ಗಂಡಸರ ಜಾತಕಗಳು, ಕಂದಾಯದ ರಸೀತಿಗಳು. ಅವಳ ಮದುವೆಯ ಲಗ್ನಪತ್ರಿಕೆ ಉಳಿದಿದ್ದರೆ ಇನ್ನೊಂದರಲ್ಲಿರಬೇಕು. ಅದರ ಬೀಗದ ಕೈ ಸಿಕ್ಕಿಲ್ಲ. ಬೇಸಗೆಯ ರಜೆಗೆ ಬಡಗಿಯನ್ನು ಕರೆದುಕೊಂಡು ಹೋಗುವವನಿದ್ದೇನೆ.